ಎಂಬತ್ತು ಪರ್ಸೆಂಟ್ ಹುಳ

ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೂತಿದ್ದಾಗ ನಮ್ಮ ಬೆಳೆಗಾರರ ಸಂಘದ ವಾಟ್ಸಾಪ್ ಗುಂಪಿನಲ್ಲಿ ಪಟ್ಟಿ ಬಂತು. ಯಾರ ತೋಟದ ಕಾಫಿಯಲ್ಲಿ ಕಾಯಿ ಕೊರೆಯುವ ಬೋರರ್ ಹುಳ ಎಷ್ಟು ಪರ್ಸೆಂಟ್ ಎಂಬ ಪಟ್ಟಿ. ಐದಕ್ಕಿಂತ ಹೆಚ್ಚಿದ್ದರೆ ಸಂಘ ಎಲ್ಲರದನ್ನೂ ಸೇರಿಸಿ ಮಾರುವ ಲಾಟಿಗೆ ಆ ಕಾಫಿ ಸೇರುವುದಿಲ್ಲ. ನನ್ನ ಹೆಸರಿನ ಮುಂದೆ ಎಂಬತ್ತು ಅಂತ ಇತ್ತು.

ಎಂಬತ್ತಂತೆ! ಅಷ್ಟು ಹುಳ ಇದ್ದಿದ್ದರೆ ನನ್ನ ಚೀಲಗಳು ಜೀಪು ಹತ್ತದೆ ತಾವೇ ನಡೆದುಕೊಂಡು ಅಮ್ಮತ್ತಿಯ ಸಂಘದ ಆಫೀಸಿಗೆ ಹೋಗುತ್ತಿದ್ದವು.

ಪ್ರತಿ ವರ್ಷ ಪಿಕ್ಕಿಂಗ್ ಮುಗಿದ ಮೇಲೆ ಗಿಡದ ಬುಡದಲ್ಲಿ ಉದುರಿದ ಕಾಯಿಯನ್ನು ಒಂದೂ ಬಿಡದೆ ಹೆಕ್ಕಿಸುವವಳು ನಾನು. ನೆಲದಲ್ಲಿ ಉಳಿದ ಕಾಯಿಯೊಳಗೇ ಆ ಹುಳ ಮುಂದಿನ ಬೆಳೆಯವರೆಗೆ ಸಂಸಾರ ಹೂಡುತ್ತದೆ. ತೋಟದ ಲೈನುಮನೆಗಳ ಕೂಲಿ ಹೆಂಗಸರು ಸೊಂಟ ಹಿಡಿದುಕೊಂಡು, ನನ್ನನ್ನು ಬೈದುಕೊಂಡೇ ತರಗೆಲೆ ಕೆದಕಿ ಹೆಕ್ಕುತ್ತಾರೆ. ಅವರು ಬೈದರೆ ಕೆಲಸ ಚೆನ್ನಾಗಿ ನಡೆದಿದೆ ಅಂತ ನನಗೆ ಸಮಾಧಾನ.

ಪಕ್ಕದ ತೋಟದ ಭಾವ ಆಗಲೇ ಫೋನು ಮಾಡಿದರು. ಅವರದು ಬರೀ ಎರಡು, ಪಟ್ಟಿಯಲ್ಲಿ ಎಲ್ಲರಿಗಿಂತ ಕಡಿಮೆ. ಬೇಜಾರು ಮಾಡ್ಕೋಬೇಡ, ಬರುವ ವರ್ಷ ನನ್ನನ್ನು ಒಂದು ಮಾತು ಕೇಳು ಅಂದರು. ಆ ಕನಿಕರಕ್ಕೆ ನನಗೆ ಮೈಯೆಲ್ಲಾ ಉರಿದುಹೋಯಿತು.

ತೋಟಕ್ಕೆ ಇಳಿದರೆ ಇನ್ನೊಂದು ಗ್ರಹಚಾರ. ಹಾಜರಿ ಬರೆಯುವ ರೈಟರ್ ಹೆಂಗಸರಿಗೆಲ್ಲ ಸುದ್ದಿ ಮುಟ್ಟಿಸಿಬಿಟ್ಟಿದ್ದ. ಯಾವತ್ತೂ ಬೈಯುವವರು ಅವತ್ತು ನನ್ನನ್ನು ಕಂಡದ್ದೇ ಹೆಕ್ಕಿದ ಜಾಗವನ್ನೇ ಮತ್ತೆ ಕೆದಕತೊಡಗಿದರು. ಅವರಲ್ಲಿ ಹಿರಿಯಳು ತಲೆ ತಗ್ಗಿಸಿಯೇ ಕೇಳಿದಳು:

"ನಾವು ಸರಿಯಾಗಿ ಹೆಕ್ಕಲಿಲ್ಲ ಅಂತಲಾ ಅಕ್ಕ?"

ಲಾಟು ಹೋದರೆ ಹಾಳಾಗಲಿ, ಈ ಮಾತು ತಡೆಯಲಾಗಲಿಲ್ಲ. ಹೋಗಿ ಬಂದು ಹೇಳ್ತೇನೆ ಅಂದು ಜೀಪು ಹತ್ತಿದೆ.

ಸಂಘದ ಆಫೀಸಿನಲ್ಲಿ ಪಟ್ಟಿ ಟೈಪು ಮಾಡಿದ ಹುಡುಗಿ ಒಬ್ಬಳೇ ಇದ್ದಳು. ನನ್ನ ಗಂಟಲು ಎದುರಿನ ಚಾದಂಗಡಿಗೂ ಕೇಳಿಸಿರಬೇಕು. ಪಾಪ, ಅವಳು ಗಡಿಬಿಡಿಯಲ್ಲಿ ಪರೀಕ್ಷೆ ಮಾಡಿದವರ ಚೀಟಿ ತೆಗೆದು ತೋರಿಸಿದಳು. ಅದರಲ್ಲಿ ನನ್ನದು 0.8. ನೂರಕ್ಕೆ ಒಂದೂ ಇಲ್ಲ!

ಮತ್ತೆ ಎಂಬತ್ತು ಎಲ್ಲಿಂದ ಬಂತು? ನನ್ನೆದುರೇ ಇನ್ನೊಮ್ಮೆ ಹೊಡಿ ಅಂದೆ. ಕಂಪ್ಯೂಟರಿನ ಪಟ್ಟಿಯಲ್ಲಿ ಹುಳದ ಸಾಲಿನ ಮನೆಗಳಿಗೆಲ್ಲ ಅವಳು ಮೊದಲೇ ಪರ್ಸೆಂಟ್ ಗುರುತು ಕೊಟ್ಟಿಟ್ಟಿದ್ದಳು. ಭಾವನ 2 ಹೊಡೆದಳು, 2% ಬಂತು. ನನ್ನ 0.8 ಹೊಡೆದಳು, 80% ಆಗಿ ಕೂತಿತು. ಒಂದನ್ನೂ ಅದಕ್ಕಿಂತ ಮೇಲಿನದನ್ನೂ ಆ ಯಂತ್ರ ಹಾಗೇ ಬಿಡುತ್ತದೆ; ಒಂದಕ್ಕಿಂತ ಕೆಳಗಿನದನ್ನು ನೂರರಿಂದ ಗುಣಿಸಿಬಿಡುತ್ತದೆ. ಪಟ್ಟಿಯಲ್ಲಿ ಮೊದಲು ಬಂದವರ ಲೆಕ್ಕವೆಲ್ಲ ಸರಿಯಾಗಿ ಕಂಡಿದ್ದರಿಂದ ಅವಳು ಮುಂದಕ್ಕೆ ನೋಡುವ ಗೋಜಿಗೇ ಹೋಗಿರಲಿಲ್ಲ. ಅಂದರೆ ತೋಟ ಚೊಕ್ಕಟ ಇಟ್ಟವರಿಗೇ ಹುಳ ಜಾಸ್ತಿ! ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕೆವು. ಅವಳು ಕಣ್ಣೊರೆಸಿಕೊಂಡು, 0.8ರ ಪಕ್ಕ ತಾನೇ ಪರ್ಸೆಂಟ್ ಗುರುತು ಒತ್ತಿ ಸರಿಮಾಡಿದಳು. ಹೊಸ ಪಟ್ಟಿ ಗುಂಪಿಗೆ ಹೋಯಿತು. ಭಾವ ಎರಡನೆಯವರಾದರು.

ನಾನು ವಾಪಸು ಬರುವಾಗ ಹೆಂಗಸರು ಊಟಕ್ಕೆ ಕೂತಿದ್ದರು. ಪಟ್ಟಿ ತಪ್ಪು, ನಮ್ಮ ತೋಟದ್ದೇ ಎಲ್ಲರಿಗಿಂತ ಕಡಿಮೆ ಅಂದೆ. ಯಾರೂ ನಂಬಲಿಲ್ಲ. ಫೋನು ತೆಗೆದು, ನಮ್ಮ ಹೆಸರು, ಅದರ ಮುಂದಿನ ಸೊನ್ನೆ ಪಾಯಿಂಟ್ ಎಂಟು ಎರಡನ್ನೂ ಗಟ್ಟಿಯಾಗಿ ಓದಿದೆ.

ಹಿರಿಯಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟಳು.

"ಇನ್ನೊಂದು ಸಲ ಓದಿ ಅಕ್ಕ, ಆ ಕಡೆ ಕೂತವರಿಗೆ ಕೇಳಿಲ್ಲ."