ಮೊಯ್ದು ಕಾಕ ಜೋಡಿಸಿದ ಮೂರು ಸಾಲು

ಸುಬೇದಾರ್ ಉತ್ತಯ್ಯನವರು ಬದುಕಿದ್ದಾಗಲೇ ಅವರು ತೀರಿಕೊಂಡರೆಂದು ಪತ್ರಿಕೆಯಲ್ಲಿ ಬರೆದವನು ನಾನು. ಮೊಯ್ದು ಕಾಕ ಅಲ್ಲ. ಹುದಿಕೇರಿಯ ಸುತ್ತಮುತ್ತ ಆ ಮಾತು ಬಂದಾಗಲೆಲ್ಲ ಹಳಬರು ಕಾಕನ ಹೆಸರನ್ನೇ ಹೇಳುತ್ತಾರೆ — ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದೇನೆ, ಒಮ್ಮೆ ಹೌದೆಂದು ತಲೆಯನ್ನೂ ಆಡಿಸಿದ್ದೇನೆ.   

ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿದ್ದ ಕಾಲ. ನಾನು ಕೊಡ್ಲಿಪೇಟೆಯ ಅಂಗಡಿಕಾರರ ಮನೆಯವನು, ಮೇಷ್ಟ್ರಾಗಿ ಹುದಿಕೇರಿಗೆ ಬಂದಿದ್ದೆ. ಅಲ್ಲಿ ಹಿಂದೆ 'ಕಾಲುದಾರಿ' ಎಂಬ ವಾರಪತ್ರಿಕೆ ಇತ್ತಂತೆ. ನಡೆಸುತ್ತಿದ್ದವರು ತೀರಿಕೊಂಡ ಮೇಲೆ ಅಚ್ಚಿನ ಯಂತ್ರ ಒಂದು ಕೊಟ್ಟಿಗೆಯಲ್ಲಿ ಕಾಫಿ ಚೀಲಗಳ ಹಿಂದೆ ತುಕ್ಕು ಹಿಡಿಯುತ್ತಾ ಬಿದ್ದಿತ್ತು. ಅದನ್ನು ಎಬ್ಬಿಸಲು ನಾವು ಮೂರು ಜನ ಹೊರಟೆವು. ಸಂಬಳವಿಲ್ಲ, ಮಾಲೀಕನಿಲ್ಲ, ಊರಿಗೊಂದು ಪತ್ರಿಕೆ ಇರಲಿ ಎಂಬ ಹುಚ್ಚು, ಅಷ್ಟೇ. ಬರೆಯುವುದು ನಾನು. ಡಿಸ್ಪೆನ್ಸರಿಯ ಕಾಂಪೌಂಡರ್ ಸುಬ್ಬಯ್ಯ ಸಂಜೆ ಬಂದು ಕಾಲಿನಿಂದ ಯಂತ್ರ ತುಳಿಯುವುದು. ಮೊಳೆ ಜೋಡಿಸುವುದು, ಅಂದರೆ ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಕಟ್ಟುವುದು, ಮೊಯ್ದು ಕಾಕ.

ಕಾಕ ಕಣ್ಣೂರಿನ ಕಡೆಯ ಮಾಪಿಳ್ಳೆ ಮುಸ್ಲಿಮರು. ಸಂತೆಯಲ್ಲಿ ಒಣಮೀನು ಮಾರುತ್ತಿದ್ದರು. ಹಳೆಯ ಪತ್ರಿಕೆಯಲ್ಲಿ ಕಲಿತ ಕೆಲಸ ಅವರ ಬೆರಳು ಬಿಟ್ಟು ಹೋಗಿರಲಿಲ್ಲ, ಊರಿನಲ್ಲಿ ಆ ವಿದ್ಯೆ ಬಲ್ಲವರು ಅವರೊಬ್ಬರೇ. ಕನ್ನಡವನ್ನು ಮೊಳೆಯ ಮೇಲೆ ತಿರುಗಾಮುರುಗಾ ಸರಾಗವಾಗಿ ಓದುತ್ತಿದ್ದರು, ಕಾಗದದ ಮೇಲೆ ನೆಟ್ಟಗೆ ಕಂಡರೆ ತಡವರಿಸುತ್ತಿದ್ದರು. ಬರೆಯಲು ಬಾರದ ಜನ ಬಾಗಿಲಿಗೆ ಬಂದು, ಎಮ್ಮೆ ಕಳೆದುಹೋಗಿದೆ ಕಾಕಾ, ಮಗಳ ಮದುವೆ ಇಂಥ ದಿನ ಕಾಕಾ ಎಂದು ಹೇಳಿದರೆ, ಬರೆದು ತನ್ನಿ ಎನ್ನುತ್ತಿರಲಿಲ್ಲ. ಬಾಯಿಂದ ಬಂದದ್ದನ್ನು ಹಾಗೇ ಮೊಳೆಯಲ್ಲಿ ಹಿಡಿಯುತ್ತಿದ್ದರು. ಅದು ಊರಿಗೆಲ್ಲ ಗೊತ್ತಿತ್ತು — ಇದನ್ನು ನೆನಪಿಡಿ, ನನ್ನ ಸುಳ್ಳು ನಿಂತದ್ದು ಇದರ ಮೇಲೆ.

ಮೊದಲ ವಾರಗಳಲ್ಲಿ ಪತ್ರಿಕೆಯನ್ನು ಯಾರೂ ಮುಟ್ಟಲಿಲ್ಲ. ನನ್ನ ನೀತಿಬೋಧೆಯ ಲೇಖನಗಳನ್ನು ಯಾರು ಓದಬೇಕು? ಸುಬ್ಬಯ್ಯ ತಮ್ಮ ಮನೆಮಾತು ಅರೆಭಾಷೆಯಲ್ಲಿ ಚುಚ್ಚುತ್ತಿದ್ದರು: "ಓದುವವ್ಕಿಂತ ಬರೆಯುವವೇ ಜಾಸ್ತಿ ಉಟ್ಟಲ್ಲಾ ಮೇಷ್ಟ್ರೆ." ಆಮೇಲೆ ಒಂದು ವಾರ ಯಾರದೋ ಸಾವಿನ ಸುದ್ದಿಯನ್ನು, ಹನ್ನೊಂದನೆಯ ದಿನದ ಕರ್ಮದ ವಿವರದ ಜೊತೆ ಹಾಕಿದೆವು. ಎಸ್ಟೇಟುಗಳಲ್ಲಿ ಚದುರಿ ಹೋಗಿದ್ದ ನೆಂಟರು ಪತ್ರಿಕೆ ಹಿಡಿದುಕೊಂಡೇ ಬಂದರು. ಅಂದಿನಿಂದ ಪತ್ರಿಕೆ ಹೊತ್ತ ಬಸ್ಸು ಬರುವ ಹೊತ್ತಿಗೆ ಸುತ್ತಲಿನ ಊರುಗಳಲ್ಲಿ ಜನ ಕಾದು ನಿಲ್ಲತೊಡಗಿದರು. ಎಲ್ಲರೂ ಮೊದಲು ತೆರೆಯುತ್ತಿದ್ದದ್ದು ಕೊನೆಯ ಪುಟ.

ಕೊಡವರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಕೋವಿಯಿಂದ ಜೋಡಿ ಗುಂಡು ಹಾರಿಸುತ್ತಾರೆ. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುತ್ತಾರೆ. ನಾನು ಹೊರಗಿನಿಂದ ಬಂದವನಲ್ಲವೇ, ಆ ಸದ್ದಿನ ಅರ್ಥ ತಿಳಿದವನೆಂಬ ಹೆಮ್ಮೆ ಬೇರೆ. ಹೇಳಲು ನಾಚಿಕೆಯಾಗುತ್ತದೆ — ಆ ದಿನಗಳಲ್ಲಿ ಗುಡ್ಡದ ಕಡೆಯಿಂದ ಎರಡು ಗುಂಡು ಕೇಳಿಸಿದರೆ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಕೊನೆಯ ಪುಟ ತುಂಬಿತು ಎಂದು.

ಒಂದು ಬುಧವಾರ ಮಧ್ಯಾಹ್ನ ಶಾಲೆ ಬಿಟ್ಟು ಅಚ್ಚಿನ ಕೊಟ್ಟಿಗೆಗೆ ಬಂದೆ. ಕೊನೆಯ ಪುಟದಲ್ಲಿ ನಾಲ್ಕು ಬೆರಳಗಲ ಖಾಲಿ ಇತ್ತು. ಹಿಂದಿನ ದಿನವಷ್ಟೇ ಸುಬ್ಬಯ್ಯ, ಸುಬೇದಾರರಿಗೆ ಎದೆಯಲ್ಲಿ ಕಫ ಕಟ್ಟಿದೆ, ಇವತ್ತೋ ನಾಳೆಯೋ ಎಂದಿದ್ದರು. ನಾನು ಆ ಖಾಲಿ ಜಾಗವನ್ನೇ ನೋಡುತ್ತಾ ಕೂತಿದ್ದಾಗ ತೋಡಿನ ಆಚೆಯ ಗುಡ್ಡದಿಂದ, ಸರಿಯಾಗಿ ಸುಬೇದಾರರ ಮನೆಯ ದಿಕ್ಕಿನಿಂದ, ಎರಡು ಗುಂಡು — ಒಂದರ ಬೆನ್ನಿಗೆ ಒಂದು.

ತೋಡು ತುಂಬಿ ಹರಿಯುತ್ತಿತ್ತು. ಸುತ್ತು ಹಾದಿ ಹಿಡಿದರೆ ಎರಡು ಗಂಟೆ. ಚೀಟಿಯಲ್ಲಿ ಬರೆದೆ. ಸುಬೇದಾರ್ ಉತ್ತಯ್ಯನವರು ದೈವಾಧೀನರಾದರು, ಹನ್ನೊಂದನೆಯ ದಿನದ ಕರ್ಮ ಇಂಥ ದಿನ. ದಿನವನ್ನು ನಾನೇ ಬೆರಳು ಮಡಿಸಿ ಎಣಿಸಿದೆ.

ಕಾಕ ಚೀಟಿಯನ್ನು ನಿಧಾನವಾಗಿ ಓದಿ, ಕೇಳಿದರು: "ಮಾಷೆ, ಯಾರಾದ್ರೂ ಹೋಗಿ ನೋಡಿ ಬಂದ್ರಾ?"

"ಹ್ಞೂಂ, ವಿಚಾರಿಸಿದ್ದೀನಿ," ಎಂದೆ.

ಅವರು ತಲೆಯ ಮೇಲಿನ ಟೋಪಿ ತೆಗೆದು, ಏನೋ ಮೆಲ್ಲಗೆ ಹೇಳಿಕೊಂಡು, ಮತ್ತೆ ಹಾಕಿಕೊಂಡು ಮೊಳೆಗೆ ಕೈ ಹಾಕಿದರು. ಸುಬೇದಾರರು ಅವರ ಹಳೆಯ ಗಿರಾಕಿ. ಜೋಡಿಸಿ ಮುಗಿಸಿ ಚೀಟಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿದರು, ಎಲ್ಲ ಚೀಟಿಗಳ ಹಾಗೆ.

ಶುಕ್ರವಾರ ಪತ್ರಿಕೆ ಬಸ್ಸು ಹತ್ತಿತು; ಊರಿನ ಪ್ರತಿಗಳನ್ನು ಹಂಚುವುದು ಶನಿವಾರ ಶಾಲೆ ಬಿಟ್ಟ ಮೇಲೆ. ಶನಿವಾರ ಬೆಳಿಗ್ಗೆ ನಾನು ಪಾಠ ಮಾಡುತ್ತಿದ್ದಾಗ ಕಿಟಕಿಯಾಚೆ ಬಿಳಿ ಬಟ್ಟೆಯ ಜನ ಗುಡ್ಡದ ದಾರಿ ಹಿಡಿದು ಹೋಗುವುದು ಕಂಡಿತು. ಹಾಗೇ ಹೊರಗೆ ನೋಡಿದೆ. ಊರಿನವರು ಯಾರೂ ಆ ಗುಂಪಿನಲ್ಲಿಲ್ಲ. ಎಲ್ಲ ದೂರದವರು, ಬಸ್ಸಿನಿಂದ ಇಳಿದವರು. ಊರಿನವರು ಅಂಗಡಿಯ ಮುಂದೆ ನಿಂತು ಅವರನ್ನೇ ಬೆರಗಾಗಿ ನೋಡುತ್ತಿದ್ದರು. ಹಾಗಾದರೆ ಮೂರು ದಿನದಿಂದ ಇಲ್ಲಿ ಯಾರೂ ಸಾವಿನ ಮನೆಗೆ ಹೋಗಿಲ್ಲ. ಹಾಗಾದರೆ ಸುಬೇದಾರರು ಸತ್ತಿಲ್ಲ. 

ಅಲ್ಲಿ ನಡೆದದ್ದನ್ನು ಆಮೇಲೆ ಕೇಳಿದೆ. ಸಿದ್ದಾಪುರದಿಂದ ಬಂದ ಸುಬೇದಾರರ ತಂಗಿ ಗೇಟಿನಿಂದಲೇ ಅಣ್ಣನ ಹೆಸರು ಹಿಡಿದು ಅಳುತ್ತಾ ಬಂದರಂತೆ. ಸುಬೇದಾರರು ಜಗಲಿಯಲ್ಲಿ ಕಂಬಳಿ ಹೊದ್ದು ಕೂತು ಗಂಜಿ ಕುಡಿಯುತ್ತಿದ್ದರಂತೆ. ಯಾರು ಹೋದದ್ದು ಎಂದು ಅವರೇ ಕೇಳಿದರಂತೆ. ತಂಗಿ ಅಲ್ಲೇ ಎಚ್ಚರ ತಪ್ಪಿ ಬಿದ್ದರು.

ಮಧ್ಯಾಹ್ನ ಸುಬೇದಾರರ ತಮ್ಮನ ಮಗ ಪೂವಯ್ಯ ಇಳಿದು ಬಂದ. ಕೈಯಲ್ಲಿ ಪತ್ರಿಕೆ, ಹೆಗಲಿನಲ್ಲಿ ಕೋವಿ. ಅವನು ಉಪ್ಪು ತರಲು ಅಂಗಡಿಗೆ ಬಂದರೂ ಕೋವಿ ಇರುತ್ತಿತ್ತು. ಅವತ್ತು ನನ್ನ ಕಣ್ಣಿಗೆ ಅದೊಂದೇ ಕಂಡದ್ದು. ಅವನು ಕೂಗಾಡಲಿಲ್ಲ. ಬಾಗಿಲಿನಲ್ಲೇ ನಿಂತು ಹೇಳಿದ:

"ಬುಧವಾರ ಭತ್ತದ ಅಗೆಮಡಿಗೆ ಬಿದ್ದ ಹಂದಿಗೆ ಎರಡು ಬಿಟ್ಟದ್ದು ನಾನು, ಊರಿಗೆಲ್ಲ ಗೊತ್ತು. ಹಂದಿಗೆ ಬಿಟ್ಟ ಗುಂಡಿಗೆ ನಮ್ಮ ದೊಡ್ಡಪ್ಪ ಸತ್ತದ್ದಾ ಮೇಷ್ಟ್ರೇ? ಇದನ್ನ ಬರ್ದದ್ದು ಯಾರು, ಅದೊಂದು ಹೇಳಿ."

ಕಾಕ ನನ್ನ ಕಡೆ ನೋಡಿದರು. ನಾನು ಹೇಳಿಬಿಡುತ್ತೇನೆಂದೇ ಅವರು ನೋಡಿದ್ದು, ಅನುಮಾನದಿಂದಲ್ಲ. ನನ್ನ ಕೈಬರಹದ ಚೀಟಿ ಅವರ ತಲೆಯ ಹಿಂದೆ ಗೋಡೆಯಲ್ಲಿ ನೇತಾಡುತ್ತಿತ್ತು.

"ನಾನು ಬರ್ದಿದ್ದಲ್ಲ ಪೂವಯ್ಯ," ಎಂದೆ. "ಕಾಕ ಯಾರ ಬಾಯಲ್ಲೋ ಕೇಳಿ ಜೋಡಿಸಿರಬೇಕು."

ಹೇಳಿದ್ದು ನಾನೇ. ಇಂದಿಗೂ ಒಮ್ಮೊಮ್ಮೆ ಬಚ್ಚಲಿನಲ್ಲಿ ಮುಖ ತೊಳೆಯುವಾಗ ಅದೇ ದನಿ ಕಿವಿಗೆ ಬೀಳುತ್ತದೆ, ಎಷ್ಟು ಸಲೀಸಾಗಿ ಬಂತು ಅದು.

ಕಾಕ ಒಂದು ಕೈ ಹಿಂದಕ್ಕೆ ಚಾಚಿದ್ದರೆ ಸಾಕಿತ್ತು. ಚಾಚಲಿಲ್ಲ. ಮಸಿಯ ಬೆರಳುಗಳನ್ನು ಲುಂಗಿಗೆ ಒರೆಸುತ್ತಾ ಪೂವಯ್ಯನಿಗೆ, ಮಗನಿಗೆ ಹೇಳುವಂತೆ, ಹೇಳಿದರು: "ಮಾಷ್ ಹೇಳಿದ್ರೆ ಹಂಗೇ ಇರ್ತದೆ ಮೋನೆ."

ಪೂವಯ್ಯ ಪತ್ರಿಕೆಯನ್ನು ಕಾಕನ ಕಾಲ ಬಳಿ ಎಸೆದು ಹೋದ. ಕೋವಿಗೆ ಹೆದರಿ ಸುಳ್ಳು ಹೇಳಿದೆ ಎನ್ನಬಹುದಿತ್ತು; ಅದೂ ಸುಳ್ಳಾಗುತ್ತದೆ. ಕೋವಿ ಹೋದ ಮೇಲೆ ಓಡಿಹೋಗಿ ನಿಜ ಹೇಳಲು ದಾರಿ ತೆರೆದೇ ಇತ್ತು. ನಾನು ಹೆದರಿದ್ದು ಮೇಷ್ಟ್ರು ಎಂದು ಊರು ಕೊಡುವ ಮರ್ಯಾದೆ ಹೋದೀತೆಂದು. ಕಾಕ ಹೊರಗೆ ಹೋದಾಗ ಚೀಟಿಯನ್ನು ಕಿತ್ತು ಒಲೆಗೆ ಹಾಕಿದೆ. ಅವರು ತಿರುಗಿ ಬಂದು ಖಾಲಿ ಗೋಡೆ ನೋಡಿದರು.  ಅವರು ಕೇಳಬಹುದು, ಈಗ ಕೇಳಬಹುದು ಎಂಬ ಭಯದಲ್ಲಿ ನಾನು ಆ ಸಂಜೆ ಅವರಿಗೆ ಮುಖ ಕೊಡಲೇ ಇಲ್ಲ.

ಇದಕ್ಕಿಂತ ಕೆಟ್ಟದ್ದು ಮುಂದೆ ಇದೆ.

ಮುಂದಿನ ವಾರ ತಿದ್ದುಪಡಿ ಹಾಕಬೇಕಾಯಿತು. ಮೂರು ಸಾಲು ಬರೆದೆ: ಸುಬೇದಾರರು ಕ್ಷೇಮವಾಗಿದ್ದಾರೆ, ಮೊಳೆ ಜೋಡಿಸುವವರ ಅಲಕ್ಷ್ಯದಿಂದ ತಪ್ಪು ಸುದ್ದಿ ಬಂದಿತ್ತು, ವಿಷಾದಿಸುತ್ತೇವೆ. ಬರೆದು ಮುಗಿಸಿದ ಮೇಲಷ್ಟೇ ಹೊಳೆಯಿತು — ಇದನ್ನು ಜೋಡಿಸಲು ಊರಿನಲ್ಲಿ ಬೇರೆ ಯಾರೂ ಇಲ್ಲ. ಆಗಲಾದರೂ ಹರಿದು ಹಾಕಬಹುದಿತ್ತು. ಅವರ ಕೈಗೇ ಕೊಟ್ಟೆ.

ಕಾಕ ಅಕ್ಷರ ಅಕ್ಷರವಾಗಿ ಓದುತ್ತಾ ಒಂದು ಕಡೆ ನಿಂತರು. "ಅಲಕ್ಷ್ಯ ಅಂದ್ರೆ ಎಂತ ಮಾಷೆ?"

"ಗಮನ ಇಲ್ಲದ್ದು," ಎಂದೆ.

"ಓ," ಎಂದರು. ಕ್ಷ ಮೊಳೆ ನಮ್ಮಲ್ಲಿದ್ದದ್ದೇ ಎರಡು, ಒಂದರ ತಲೆ ಸವೆದಿತ್ತು. 'ಕ್ಷೇಮ'ಕ್ಕೆ ಒಂದು ಬೇಕು, 'ಅಲಕ್ಷ್ಯ'ಕ್ಕೆ ಒಂದು. ಅವರು ಎರಡನ್ನೂ ಬೆಳಕಿಗೆ ಹಿಡಿದು ನೋಡಿ, ಚೆನ್ನಾಗಿದ್ದದ್ದನ್ನು ಕ್ಷೇಮಕ್ಕೆ ಇಟ್ಟರು. ಸವೆದದ್ದನ್ನು ತಮ್ಮ ಸಾಲಿಗೆ ಹಾಕಿಕೊಂಡು, ಅದು ಅಚ್ಚಿನಲ್ಲಿ ಮಸುಕಾಗಬಾರದೆಂದು ಅಡಿಗೆ ತೆಳ್ಳಗೆ ಕಾಗದ ಮಡಚಿ ಇಟ್ಟರು. ಆ ವಾರ ಪತ್ರಿಕೆಯಲ್ಲಿ ಒಂದೇ ಒಂದು ತಪ್ಪೂ ಇರಲಿಲ್ಲ.

ತಿದ್ದುಪಡಿ ಬಂದ ಮೇಲಿನ ಸೋಮವಾರ, ನಾನು ಪಾಠ ಮಾಡುತ್ತಿದ್ದಾಗ ಗುಡ್ಡದಿಂದ ಎರಡು ಗುಂಡು ಕೇಳಿಸಿತು. ಮಕ್ಕಳು ಪಿಸುಪಿಸು ಮಾಡಿದರು. ಈ ಸಲ ಸುಬೇದಾರರು ನಿಜವಾಗಿಯೇ ತೀರಿಕೊಂಡಿದ್ದರು, ಊರಿನವರೆಲ್ಲ ಹೊರಟರು. ಎದೆಯ ಕಫ ಎಂದು ಸುಬ್ಬಯ್ಯ ಹೇಳಿದರು, ನನಗೂ ಗೊತ್ತು. ಆದರೆ ಜನ ಹೇಳಿದ್ದು ಬೇರೆ: ಬದುಕಿದ್ದವನ ಮುಂದೆ ಬಿಳಿ ಉಟ್ಟು ಅತ್ತ ಮೇಲೆ ಅವನು ಉಳಿಯುತ್ತಾನಾ? ಕೊಂದದ್ದು ಆ ಮೀನು ಕಾಕನ ಮೊಳೆ.

ಸಂತೆಯಲ್ಲಿ ಕಾಕನ ಮೀನನ್ನು ಯಾರೂ ಮುಟ್ಟದಾದರು. ಒಂದು ತಿಂಗಳೊಳಗೆ ಅವರು ಹೆಂಡತಿಯನ್ನೂ ಕೈಗೂಸು ಮಗಳನ್ನೂ ಕರೆದುಕೊಂಡು ಗೋಣಿಕೊಪ್ಪಲಿಗೆ ಹೋದರು. ಹೋಗುವ ಮುಂಚೆ ಮೊಳೆಗಳನ್ನೆಲ್ಲ ತೊಳೆದು ಪೆಟ್ಟಿಗೆಯಲ್ಲಿ ಅವುಗಳ ಮನೆಗೆ ಹಾಕಿ ಹೋಗಿದ್ದರು. ಜೋಡಿಸುವವರಿಲ್ಲದೆ 'ಕಾಲುದಾರಿ' ನಿಂತಿತು. ಯಾಕೆ ನಿಂತಿತೆಂದು ಕೇಳಿದವರಿಗೆ, ಕಾಕ ಕೈಕೊಟ್ಟು ಹೋದರು ಎಂದೆ.

ಈಗ ಊರಿನ ಕೆಲವು ಹುಡುಗಿಯರು, ಹುಡುಗರು ಸೇರಿ ಪತ್ರಿಕೆಯನ್ನು ಮತ್ತೆ ಹೊರಡಿಸುತ್ತಿದ್ದಾರೆ. ಅವರಿಗೂ ಸಂಬಳವಿಲ್ಲ. ಹಳೆಯ ದಿನಗಳ ಸವಿನೆನಪು ಬರೆದುಕೊಡಿ ಸಾರ್, ಮೊದಲ ಸಂಚಿಕೆಗೆ, ಭಾನುವಾರ ಶಾಲೆಯಲ್ಲಿ ನೀವೇ ಓದಬೇಕು ಎಂದರು. ನಾನು ಬರೆದದ್ದು ಇದು. ಕೊಟ್ಟ ಮೇಲೆ ಹಿಂದಕ್ಕೆ ಕೇಳಿಯೇನೆಂದು ಹೆದರಿ, ಆ ದಾರಿ ಮುಚ್ಚಲು ಕಾಕನ ಮನೆಯವರನ್ನೇ ಕರೆಯೋಣವೆಂದು ನಿನ್ನೆ ಗೋಣಿಕೊಪ್ಪಲಿಗೆ ಹೋಗಿ ಬಂದೆ. ಕಾಕ ಈಗ ಬದುಕಿಲ್ಲ. ಅಂದಿನ ಕೈಗೂಸು ಆಯಿಶಾಗೆ ಈಗ ಮೊಮ್ಮಕ್ಕಳು. ಭಾನುವಾರ ಬಾರಮ್ಮ, ನಿನ್ನ ತಂದೆಯ ವಿಷಯ ಓದುತ್ತೇನೆ ಎಂದೆ. ಏನೆಂದು ಅವಳು ಕೇಳಲಿಲ್ಲ. ಚಹಾ ಕೊಟ್ಟು ತಂದೆಯ ಮಾತನ್ನು ಹೇಳಿದಳು:

"ಉಪ್ಪ ಯಾವಾಗ್ಲೂ ಹೇಳ್ತಿದ್ರು. ಮಾಷ್ ಒಳ್ಳೆಯವ್ರು, ಸ್ವಲ್ಪ ಹೆದರಿಕೆ ಜಾಸ್ತಿ, ಅಷ್ಟೇ ಅಂತ."

 ಅಲ್ಲೇ ಹೇಳಿಬಿಡಬಹುದಿತ್ತು, ಚಹಾ ಮುಗಿಸಿ ಬಸ್ಸು ಹತ್ತಿದೆ. ಭಾನುವಾರ ಅವಳು ಮುಂದಿನ ಸಾಲಿನಲ್ಲಿ ಕೂತಿರುತ್ತಾಳೆ, ಪೂವಯ್ಯನ ಮಕ್ಕಳೂ ಬರುತ್ತಾರೆ. ಅವಳು ನಡುವೆ ಎದ್ದು ಹೋಗಬಹುದು. ಹೋದರೂ ನಾನು ನಿಲ್ಲಿಸಬಾರದು — ಕೊನೆಯ ಸಾಲಿನವರೆಗೂ, ಕೇಳಿಸುವ ಹಾಗೆ, ಓದಬೇಕು.