ಬೀಗ ಹಾಕಿದ ಹದಿನೆಂಟು ದಿನ

ಎಪ್ಪತ್ತರ ದಶಕದ ಕೊನೆಯ ಒಂದು ಡಿಸೆಂಬರ್. ನನ್ನ ಯಜಮಾನರಿಗೆ ಊರಂಚಿನ ಖಡಕಿಯಲ್ಲಿ ಕ್ವಾರ್ಟರ್ಸ್ ಸಿಕ್ಕಿತ್ತು. ಪುಣೆಯ ಪೇಟೆಯೊಳಗಿನ ನಮ್ಮ ಬಾಡಿಗೆ ಮನೆಗೆ, ಅಂದರೆ ಮಹಡಿಯ ಮೇಲಿನ ಎರಡು ಕೋಣೆಗಳಿಗೆ, ನವೆಂಬರ್ ಕೊನೆಗೇ ನೋಟೀಸು ಕೊಟ್ಟಿದ್ದೆವು. ಹದಿಮೂರಕ್ಕೆ ಸಾಮಾನು ಸಾಗಿಸುವುದೆಂದಾಯಿತು. ಉಳಿದ ದಿನಗಳ ಬಾಡಿಗೆ ಬಿಡುತ್ತಾರೇನೋ ಎಂದು ಕೆಳಗೇ ಇದ್ದ ಮನೆ ಮಾಲಕಿಯನ್ನು ಕೇಳಲು ಹೋದವಳು ನಾನೇ.

ಅವರನ್ನು ನಾವು ಮರಾಠಿಯವರ ಹಾಗೆ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ತವರು ಅಥಣಿ ಕಡೆ. ಓಣಿಯವರ ಜೊತೆ ಮರಾಠಿ, ನನ್ನ ಜೊತೆ ಕನ್ನಡ.

"ಅದ್ಹೆಂಗ್ರಿ ಮೇಡಂಬಾಯಿ? ತಿಂಗಳ ನೋಟೀಸ್ ಅಂದ್ರ ತಿಂಗಳ ಬಾಡಿಗಿ," ಎಂದರು ಕಾಕು, ಮೆಂತ್ಯ ಸೊಪ್ಪು ಬಿಡಿಸುತ್ತ. "ಇಷ್ಟ ಇಂಗ್ಲಿಷ್ ಕಲಿಸ್ಯಾರ, ಲೆಕ್ಕಾ ಕಲಿಸಲಿಲ್ಲೇನು ನಿಮ್ಮ ಸಿಸ್ಟರ್‌ಗಳು?"

ತಮಾಷೆಗೇ ಅಂದದ್ದು. ನನಗೆ ಚುಚ್ಚಿತು. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳೆಂಬ ಬಿಗುಮಾನ ಆಗ ಬಹಳ ಇತ್ತು. ಇಡೀ ತಿಂಗಳ ಬಾಡಿಗೆಯನ್ನು ಕವರಿನಲ್ಲಿ ಹಾಕಿ ಕೊಟ್ಟೆ. ಸಾಮಾನು ಹೋದ ದಿನ ಮೇಲಿನ ಮನೆಗೆ ಬೀಗ ಹಾಕಿ ಕೀಲಿಯನ್ನು ಪರ್ಸಿನಲ್ಲಿಟ್ಟುಕೊಂಡೆ.

ಎರಡೇ ದಿನಕ್ಕೆ ಕಾಕು ಬಸ್ಸು ಹಿಡಿದು ಖಡಕಿಗೆ ಬಂದರು. ಚೊಚ್ಚಲ ಹೆರಿಗೆಗೆ ಬಂದಿದ್ದ ಮಗಳು ದಿನ ತುಂಬುವ ಮೊದಲೇ ಹೆತ್ತಿದ್ದಳು. ಹೆಣ್ಣುಮಗು, ತೀರ ಸಣ್ಣದು. ಕಾಕುವಿಗಿದ್ದದ್ದು ಒಂದು ಅಡುಗೆಮನೆ, ಒಂದು ಕೋಣೆ. ಆ ಕೋಣೆಯಲ್ಲಿ ಅವರ ಗಂಡ ಸದಾ ಕೆಮ್ಮುತ್ತ ಮಲಗಿರುತ್ತಿದ್ದರು.

"ನಾಳೆ ದವಾಖಾನಿಯಿಂದ ಬಿಡತಾರ. ಮ್ಯಾಲಿನ ಖೋಲಿ ಹೆಂಗೂ ಖಾಲಿ ಅದ. ಕೀಲಿ ಕೊಟ್ರ ಬಾಣಂತಿನ್ನ ಅಲ್ಲೇ ಮಲಗಸ್ತೇನ್ರಿ. ಬಿಸಿಲೂ ಬರತದ."

ನಾನು ಚಹಾ ಕೊಟ್ಟೆ. ಚಹಾ ಕೊಟ್ಟು ಹೇಳಿದೆ: "ಮೂವತ್ತೊಂದರ ತನಕ ಬಾಡಿಗಿ ಕೊಟ್ಟೇವಲ್ಲ ಕಾಕು. ನಮ್ಮ ಸಾಮಾನೂ ಇನ್ನ ಸ್ವಲ್ಪ ಅಲ್ಲೇ ಅದ."

ಸಾಮಾನೆಂದರೆ ಒಂದು ಖಾಲಿ ಟ್ರಂಕು.

"ಹೌದ್ರಿ. ಅದೂ ಖರೇನ," ಎಂದು ಕಾಕು ಕಪ್ಪು ಕೆಳಗಿಟ್ಟರು. ಎರಡನೇ ಸಲ ಕೇಳಲಿಲ್ಲ. ಕೇಳಿದ್ದರೆ ಕೊಡುತ್ತಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

"ಕೊಟ್ಟುಬಿಡೋದಲ್ಲೇನ?" ಎಂದರು ಯಜಮಾನರು, ಸಂಜೆ.

"ಇಟ್ಸ್ ಎ ಮ್ಯಾಟರ್ ಆಫ್ ಪ್ರಿನ್ಸಿಪಲ್," ಎಂದೆ. ಅವರು ಪೇಪರು ಬಿಡಿಸಿಕೊಂಡರು.

ವಾರದ ಮೇಲೆ ಟ್ರಂಕು ತರಲು ಹೋದೆ. ಮೆಟ್ಟಿಲ ಬುಡದ ಪ್ಯಾಸೇಜಿನಲ್ಲಿ ಹಳೆಯ ಸೀರೆಯ ಪರದೆ ಕಟ್ಟಿದ್ದರು. ಅದರ ಹಿಂದೆ ಕಬ್ಬಿಣದ ಮಂಚ, ಮಂಚದ ಕೆಳಗೆ ಶೇಗಡಿಯಲ್ಲಿ ಕೆಂಡ, ಮೇಲೆ ತಲೆಗೆ ಸ್ಕಾರ್ಫ್ ಬಿಗಿದುಕೊಂಡ ಬಾಣಂತಿ. ಅಂಗಳದ ಚಳಿಗಾಳಿ ಪರದೆಯನ್ನು ಎತ್ತೆತ್ತಿ ಹಾಕುತ್ತಿತ್ತು. ಮೆಟ್ಟಿಲಿಗೆ ದಾರಿಯೇ ಇರಲಿಲ್ಲ. ಆ ಹಸಿ ಮೈಯ ಹುಡುಗಿ ಕಾಲು ಮಡಚಿ ಜಾಗ ಮಾಡಿಕೊಟ್ಟಳು. "ಹೋಗ್ರಿ ಅಕ್ಕಾ," ಎಂದಳು.

ಮೇಲೆ ಬೀಗ ತೆಗೆದರೆ ಕೋಣೆ ತುಂಬ ಬಿಸಿಲು. ಬರಿಗಾಲಿಗೆ ನೆಲ ಬೆಚ್ಚಗಿತ್ತು. ಕೆಳಗೆ ಮಗು ಬೆಕ್ಕಿನ ಮರಿಯ ಹಾಗೆ ಅಳುತ್ತಿತ್ತು. ಆಗಲಾದರೂ ಕೀಲಿ ಕೊಡಬಹುದಿತ್ತು. ಆದರೆ ಆಗ ಕೊಟ್ಟರೆ, ಅಷ್ಟು ದಿನ ಬೇಕೆಂದೇ ಕೊಡಲಿಲ್ಲವೆಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ಟ್ರಂಕು ಹೊರಗಿಟ್ಟು ಮತ್ತೆ ಬೀಗ ಹಾಕಿದೆ. ಒಳಗೆ ನಮ್ಮದೆಂಬುದು ಇನ್ನು ಏನೂ ಇರಲಿಲ್ಲ.

ಮೂವತ್ತೊಂದಕ್ಕೆ ಕೀಲಿ ಕೊಡಲು ಹೋದಾಗ ಕಾಕು ಮಣೆ ಹಾಕಿದರು. ಅರಿಶಿನ ಕುಂಕುಮ ಹಚ್ಚಿ, ಅಕ್ಕಿ, ತೆಂಗಿನಕಾಯಿ, ಒಂದು ಕುಪ್ಪಸದ ಖಣ ಸೆರಗಿಗೆ ಹಾಕಿ ನನ್ನ ಉಡಿ ತುಂಬಿದರು.

"ಇದೆಲ್ಲಾ ಯಾಕ್ರಿ ಕಾಕು?"

"ಆರು ವರ್ಷ ಇದ್ರಿ. ಮನಿ ಬಿಟ್ಟು ಹೋಗೂ ಹೆಣ್ಣಮಗಳನ್ನ ಬರೀ ಉಡೀಲೆ ಕಳಸ್ತಾರೇನ್ರಿ?"

ಕೀಲಿಯ ಮಾತು ಅವರು ಎತ್ತಲಿಲ್ಲ. ಸಾರಿ ಎಂಬ ಪದ ದಿನಕ್ಕೆ ಹತ್ತು ಸಲ ನನ್ನ ಬಾಯಿಂದ ಸಲೀಸಾಗಿ ಬರುತ್ತಿತ್ತು. ಅಂದು ಬರಲಿಲ್ಲ. "ಮಂಚ ಮ್ಯಾಲ ಒಯ್ಯಲಿಕ್ಕೆ ಕೈ ಹಚ್ಚಲೇನ್ರಿ?" ಎಂದು ಕೇಳಿದೆ.

"ಬ್ಯಾಡ್ರಿ. ಉಡಿ ಚೆಲ್ಲತದ. ನೀವು ಹೊರಡ್ರಿ."

ಓಣಿಯ ತಿರುವಿನ ತನಕ ಮಂಚ ಮೆಟ್ಟಿಲಿಗೆ ಬಡಿಯುತ್ತ ಏರುವ ಸದ್ದು ಕೇಳುತ್ತಿತ್ತು.

ಉಡಿಯ ಅಕ್ಕಿಯಿಂದ ಸಿಹಿ ಮಾಡಿ, ತುಂಬಿಸಿಕೊಂಡವಳೇ ಉಣ್ಣಬೇಕು. ಡಬ್ಬಿಗೆ ಹಾಕಿಟ್ಟೆ. ನಾಳೆ ಮಾಡಿದರಾಯಿತು ಎನ್ನುತ್ತ ಬೇಸಿಗೆ ಬಂತು, ಅಕ್ಕಿಗೆ ಹುಳ ಬಿತ್ತು. ಯಜಮಾನರು ಆಫೀಸಿಗೆ ಹೋದ ಮೇಲೆ ಹಿತ್ತಲಲ್ಲಿ ಗುಬ್ಬಿಗಳಿಗೆ ಚೆಲ್ಲಿದೆ.