ಖಾಲಿ ಡಬ್ಬಿ

ಹಣೆಯ ಮೇಲೊಂದು ಕನ್ನಡಕ, ಮೂಗಿನ ಮೇಲೊಂದು. ಭುಜಕ್ಕೆ ಬ್ಯಾಗು, ಅದರೊಳಗೆ ಬಟ್ಟೆಚೀಲ, ಚೀಲದೊಳಗೆ ಪ್ಲಾಸ್ಟಿಕ್ ಕವರು, ಕವರಿನೊಳಗೆ ಊಟದ ಡಬ್ಬಿ, ಅದರೊಳಗೆ ಪುಟ್ಟ ಡಬ್ಬಿಯಲ್ಲಿ ಉಪ್ಪಿನಕಾಯಿ. ಭದ್ರಾವತಿಯಿಂದ ದಿನವೂ ಶಿವಮೊಗ್ಗದ ನಮ್ಮ ಸಣ್ಣ ಸಾಫ್ಟ್‌ವೇರ್ ಕಚೇರಿಗೆ ಬರುತ್ತಿದ್ದ ಟೀಮ್ ಲೀಡ್ ಸಾಹೇಬರು ಉಪ್ಪಿನಕಾಯಿ ತಲುಪುವಷ್ಟರಲ್ಲಿ ನಾವು ಉಂಡು ಕೈತೊಳೆದಿರುತ್ತಿದ್ದೆವು.

ಕಲ್ಯಾಣ ಮಂಟಪದ ಬುಕಿಂಗ್ ತಂತ್ರಾಂಶವನ್ನೂ ಅವರು ಇದೇ ಶಾಸ್ತ್ರಾನುಸಾರ ಕಟ್ಟಿಸಿದ್ದರು. ಸರ್ವರ್‌ಗೆ ಬದಲಾವಣೆ ತಿಳಿಸುವ ಮ್ಯುಟೇಶನ್ ಎಂಬ ಸಂದೇಶ ಒಂದೇ ಹೋಗಬೇಕು. ಅದರೊಳಗೆ ಬುಕಿಂಗು, ಬುಕಿಂಗಿನೊಳಗೆ ಮನೆಯವರ ವಿವರ, ಊಟದ ಪಟ್ಟಿ.

"ಬಿಡಿಬಿಡಿಯಾಗಿ ಕಳ್ಸಿದ್ರೆ ಅರ್ಧ ದಾರೀಲೇ ಉಳಿಯುತ್ತೆ ಮಾರಾಯ. ಎಲ್ಲಾ ಒಂದೇ ಚೀಲದಲ್ಲಿ ಹೋಗ್ಲಿ."

ಭದ್ರಾವತಿಯ ಒಂದು ಮದುವೆ ಹತ್ತಿರವಾದಾಗ ಹುಡುಗಿಯ ತಂದೆ ತಮ್ಮ ಫೋನ್ ನಂಬರ್ ಬದಲಿಸಿಕೊಡಿ ಎಂದರು. ಸಾಹೇಬರು ಸ್ವಹಸ್ತದಿಂದ ಬದಲಿಸಿದರು. ಸಂಜೆಗೆ ಅಡುಗೆ ಭಟ್ಟರ ಫೋನು.

"ಸ್ವಾಮಿ, ದಿನಸಿ ತರ್ಸೋಣ ಅಂತ ನೋಡಿದ್ರೆ ಇಲ್ಲಿ ಊಟಾನೇ ಇಲ್ವಲ್ಲ! ಬರೀ ತಾಳಿ ಕಟ್ಟಿ ಕಳಿಸ್ತಾರಾ?"

ಅದೇ ಚೀಲದಲ್ಲಿ ನಂಬರಿನ ಜೊತೆ ಊಟದ ಪಟ್ಟಿಯೂ ಹೋಗಿತ್ತು, ಸಾಹೇಬರು ತುಂಬದೆ ಬಿಟ್ಟಿದ್ದರಿಂದ ಖಾಲಿಯಾಗಿ. ಪಟ್ಟಿಯನ್ನೇ ಕಳಿಸದಿದ್ದರೆ ಹಳೆಯದು ಹಾಗೇ ಇರುತ್ತಿತ್ತು. ಖಾಲಿಯದು ಬಂದದ್ದರಿಂದ ವಿಧೇಯ ಸರ್ವರ್ ಹೋಳಿಗೆಯಿಂದ ಮಜ್ಜಿಗೆಯವರೆಗೆ ಎಲ್ಲವನ್ನೂ ಅಳಿಸಿತ್ತು. ಬೇರೆಲ್ಲೂ ಪ್ರತಿ ಇರಲಿಲ್ಲ.

"ನಾನೇ ಖಾಲಿ ಡಬ್ಬಿ ಕಳ್ಸಿದೀನಿ," ಎಂದು ಸಾಹೇಬರು ಎರಡೂ ಕನ್ನಡಕ ತೆಗೆದಿಟ್ಟರು. ಸರಿಯಾಗಿ ಬದಲಾಗಿದ್ದ ಏಕೈಕ ವಸ್ತುವಾದ ಆ ನಂಬರಿಗೇ ಫೋನಾಯಿಸಿ ಹುಡುಗಿಯ ತಂದೆಗೆ ವಿಷಯ ತಿಳಿಸಿದರು.

"ಬೀಗರ ಎಲೆಗೆ ಏನ್ ಬಡಿಸ್ಲಿ ಸಾರ್, ನಿಮ್ ಕಂಪ್ಯೂಟರ್ನಾ?"

"ತಪ್ಪು ನಂದೇ ಯಜಮಾನ್ರೇ. ಒಂದೊಂದಾಗಿ ಹೇಳಿ, ಹಾಕ್ಕೋತೀನಿ."

ಯಜಮಾನರು ಪಾಯಸದಿಂದ ಶುರುಮಾಡಿದರು. ಸಿಟ್ಟಿನಲ್ಲಿ ಹಪ್ಪಳ ಎರಡು ಸಲ ಬಂತು. ಎದುರಾಡುವ ಧೈರ್ಯವಿಲ್ಲದೆ ಸಾಹೇಬರು ಎರಡು ಸಲವೂ ದಾಖಲಿಸಿದರು. ಮದುವೆ ಸಾಂಗವಾಯಿತು. ಬೀಗರು ಹಪ್ಪಳದ ಔದಾರ್ಯವನ್ನು ವಿಶೇಷವಾಗಿ ಮೆಚ್ಚಿಕೊಂಡರಂತೆ.

ಆ ಫೋನಿನ ಮರುದಿನವೇ ಸಾಹೇಬರ ಹೊಸ ಶಾಸನ ಹೊರಟಿತ್ತು. "ಪಕ್ಕದ್ಮನೆ ಡಬ್ಬೀನ ನಾವು ಖಾಲಿ ವಾಪಸ್ ಕೊಡ್ತೀವಾ? ಚೂರು ಸಕ್ಕರೆನಾದ್ರೂ ಹಾಕ್ತೀವಿ. ಸರ್ವರ್ ಮಾತ್ರ ಯಾಕೆ ಖಾಲೀದು ತಗೋಬೇಕು?" ಅಂದಿನಿಂದ ಖಾಲಿ ಪಟ್ಟಿ ಕಳಿಸಿದರೆ ನಮ್ಮ ಸರ್ವರ್ ಮುಟ್ಟದೆ ಹಿಂದಿರುಗಿಸುತ್ತದೆ.

ಕಳೆದ ವರ್ಷ ಸಾಹೇಬರು ತೀರಿಕೊಂಡರು. ಉಪ್ಪಿನಕಾಯಿ ಡಬ್ಬಿ ಕಚೇರಿಯಲ್ಲೇ ಉಳಿದಿತ್ತು. ಸಕ್ಕರೆ ತುಂಬಿ ಭದ್ರಾವತಿಗೆ ಒಯ್ದೆ. ಅವರ ಹೆಂಡತಿ ಮುಚ್ಚಳ ತೆಗೆದು ನೋಡಿದರು. ಒಳಗೆ ಹೋಗಿ, ಸಕ್ಕರೆ ಸುರಿದುಕೊಂಡು, ಡಬ್ಬಿ ತೊಳೆದು, ಮಿಡಿ ಉಪ್ಪಿನಕಾಯಿ ತುಂಬಿಸಿ ತಂದರು.

"ತಗೊಂಡೋಗಪ್ಪ. ಡಬ್ಬಿ ನಿಧಾನಕ್ಕೆ ತಂದ್ಕೊಡು."

ಅಂದಿನಿಂದ ತಂದುಕೊಡುತ್ತಲೇ ಇದ್ದೇನೆ.